ಸೇಬಿನ ಮರಕ್ಕೆ ಕಜ್ಜಿ: ಔಷಧಿಗೆ ಮುಂಚೆ ಪೊರಕೆ ಹಿಡಿಯಿರಿ

ನ್ಯೂಯಾರ್ಕ್ ಅಂದರೆ ಎಲ್ಲರಿಗೂ ಆ ದೊಡ್ಡ ಊರೇ ನೆನಪಾಗುತ್ತೆ. ನಾವಿರುವುದು ಅದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ, ರಾಚೆಸ್ಟರ್ ಪಕ್ಕ. ಒಂಟಾರಿಯೋ ಸರೋವರದ ದಂಡೆ ಹಿಡಿದು ಹೋದರೆ ಉದ್ದಕ್ಕೂ ಸೇಬಿನ ತೋಟಗಳು. ಮನೆ ಕೊಂಡಾಗ ಹಿತ್ತಲಿನ ಒಂದು ಹಳೇ ಸೇಬಿನ ಮರವೂ ಜೊತೆಗೆ ಬಂತು. ಮೊದಲ ವರ್ಷ ಮೇ ತಿಂಗಳಲ್ಲಿ ಮರ ತುಂಬ ಹೂವು. ನಮಗೆ ಖುಷಿಯೋ ಖುಷಿ. ಸೆಪ್ಟೆಂಬರಿನಲ್ಲಿ ಊರಿಂದ ಬಂದಿದ್ದ ಅಮ್ಮ ಒಂದು ಹಣ್ಣು ಕಿತ್ತು, ಕೈಯಲ್ಲಿ ತಿರುಗಿಸಿ ನೋಡಿ, "ಇದೆಂತದೋ, ಹಣ್ಣಿಗೂ ಕಜ್ಜಿ ಹತ್ತುತ್ತಾ?" ಅಂದರು.

ಅಮ್ಮ ಸುಮ್ನೆ ಅಂದ ಮಾತು ಸರಿಯಾಗೇ ಇತ್ತು. ಈ ರೋಗಕ್ಕೆ ಇಲ್ಲಿನವರು ಸ್ಕ್ಯಾಬ್ ಅಂತಾರೆ. ಗಾಯದ ಮೇಲೆ ಕಟ್ಟುವ ಹಕ್ಕಳೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ನಮ್ಮ ಕಡೆ ನಿಂಬೆ ಗಿಡಕ್ಕೆ ಬರುವ ಕಜ್ಜಿ ಬೇರೆ, ಅದು ಬ್ಯಾಕ್ಟೀರಿಯಾದಿಂದ ಬರುವುದು. ಸೇಬಿನದು ಶಿಲೀಂಧ್ರ. ಹೆಸರು ವೆಂಚುರಿಯಾ ಇನೀಕ್ವಾಲಿಸ್. ನಾನು ಇಲ್ಲಿ ಕಜ್ಜಿ ಅಂತಲೇ ಬರೆಯುತ್ತೇನೆ.

ಅಮೆರಿಕ, ಕೆನಡಾ, ಇಂಗ್ಲೆಂಡ್, ಜರ್ಮನಿ ಹೀಗೆ ತಂಪು ದೇಶಗಳಲ್ಲಿ ಮನೆ ಮಾಡಿಕೊಂಡು, ಹಿತ್ತಲಲ್ಲಿ ಒಂದೆರಡು ಸೇಬಿನ ಮರ ಇರುವ ಅಥವಾ ನೆಡಬೇಕು ಅಂತಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕೊಡುವ ತಿಂಗಳುಗಳು ರಾಚೆಸ್ಟರಿನವು. ನಿಮ್ಮೂರಲ್ಲಿ ಎರಡು ವಾರ ಹಿಂದೆ ಮುಂದೆ ಆಗಬಹುದು. ಮರದ ಚಿಗುರು ನೋಡಿ ಲೆಕ್ಕ ಹಾಕಿ, ಕ್ಯಾಲೆಂಡರ್ ನೋಡಿ ಅಲ್ಲ.

ಕಜ್ಜಿಯೇ ಹೌದಾ?

ಮೇ ಕೊನೆಗೆ ಎಲೆಗಳನ್ನು ಮಗುಚಿ ನೋಡಿ. ಕಜ್ಜಿ ಆಗಿದ್ದರೆ ಮೊದಲು ಮಾಸಲು ಆಲಿವ್ ಹಸಿರಿನ ಮಚ್ಚೆ ಕಾಣುತ್ತೆ. ಅಂಚು ಸ್ಪಷ್ಟ ಇರಲ್ಲ, ಮಸಿ ಹರಡಿದ ಹಾಗೆ. ಮೇಲ್ಮೈ ಮಖಮಲ್ಲಿನಂತೆ ಮೆತ್ತಗೆ. ದಿನ ಕಳೆದಂತೆ ಕಪ್ಪಾಗುತ್ತೆ, ಎಲೆ ಅಲ್ಲಲ್ಲಿ ಉಬ್ಬಿ ಮುರುಟಿಕೊಳ್ಳುತ್ತೆ, ಆಮೇಲೆ ಹಳದಿಯಾಗಿ ಉದುರುತ್ತೆ. ಜೋರಾಗಿ ಹತ್ತಿದ ವರ್ಷ ನಮ್ಮ ಮರ ಆಗಸ್ಟಿಗೇ ಅರ್ಧ ಬೋಳಾಗಿತ್ತು.

ಹಣ್ಣಿನ ಮೇಲೆ ಅದೇ ಮಚ್ಚೆ ಒಣಗಿ, ಕಾರ್ಕಿನಂತೆ ಒರಟಾಗಿ, ಕಂದು ಹಕ್ಕಳೆ ಕಟ್ಟುತ್ತೆ. ಹಣ್ಣು ಬೆಳೆಯುತ್ತಿರುತ್ತೆ, ಆದರೆ ಹಕ್ಕಳೆ ಇರುವ ಕಡೆ ಸಿಪ್ಪೆ ಹಿಗ್ಗಲ್ಲ. ಹಾಗಾಗಿ ಹಣ್ಣು ಒಂದು ಕಡೆಗೆ ಸೊಟ್ಟಗಾಗುತ್ತೆ, ಕೆಲವು ಸೀಳುತ್ತವೆ.

ಬೇರೆ ಕಲೆಗಳನ್ನೂ ಕಜ್ಜಿ ಅಂದುಕೊಳ್ಳುವವರಿದ್ದಾರೆ. ಹಣ್ಣಿನ ಮೇಲೆ ಮಸಿ ಬಳಿದ ಹಾಗಿದ್ದು, ಒದ್ದೆ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿದರೆ ಹೋದರೆ ಅದು ಬೇರೆ ಶಿಲೀಂಧ್ರ, ಸಿಪ್ಪೆಯ ಮೇಲಷ್ಟೇ ಕೂತಿರುತ್ತೆ. ಎಲೆ ಮೇಲೆ ಎದ್ದು ಕಾಣುವ ಕಿತ್ತಳೆ ಬಣ್ಣದ ದುಂಡು ಚುಕ್ಕೆ ಇದ್ದರೆ ಅದು ಸೀಡರ್ ರಸ್ಟ್, ಅಂದರೆ ತುಕ್ಕು ರೋಗ. ಅಕ್ಕಪಕ್ಕದ ಜುನಿಪರ್ ಗಿಡಗಳಿಂದ ಬರುತ್ತೆ. ಹಣ್ಣಿನ ತಳದ ಕಡೆ ಸಣ್ಣ ಗುಳಿಗಳು, ಕತ್ತರಿಸಿದರೆ ಒಳಗೆ ಕಂದು ಚುಕ್ಕೆ, ಅಂದರೆ ಅದು ರೋಗವೇ ಅಲ್ಲ, ಸುಣ್ಣದ ಅಂಶದ ಕೊರತೆ. ಉಜ್ಜಿದರೆ ಹೋಗದ, ಮುಟ್ಟಿದರೆ ಒರಟಾದ ಹಕ್ಕಳೆ ಇದ್ದರೆ ಮಾತ್ರ ಮುಂದೆ ಓದಿ.

ಕರ್ನಾಟಕದಲ್ಲೇ ಆನ್ನಾ, ಎಚ್‌ಆರ್‌ಎಂಎನ್ 99 ಅಂಥ ಕಡಿಮೆ ಚಳಿ ಸಾಕಾಗುವ ತಳಿ ನೆಟ್ಟವರಿಗೆ ಒಂದು ಮಾತು. ಈ ಶಿಲೀಂಧ್ರಕ್ಕೆ ಚಳಿಗಾಲ ಬೇಕು, ತಂಪಾದ ಒದ್ದೆ ವಸಂತ ಬೇಕು. ನಿಮ್ಮ ಗಿಡದಲ್ಲಿ ಕಪ್ಪು ಚುಕ್ಕೆ ಕಂಡರೆ ಇದನ್ನು ಓದಿ ಔಷಧಿ ತರಲು ಓಡಬೇಡಿ. ಎರಡು ಎಲೆ ಹಿಡಿದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.

ಅಂದ ಹಾಗೆ, ಕಜ್ಜಿ ಹತ್ತಿದ ಹಣ್ಣು ತಿನ್ನಬಹುದು. ಸಿಪ್ಪೆ ತೆಗೆದರೆ ಒಳಗೆ ಚೆನ್ನಾಗೇ ಇರುತ್ತೆ. ಸೀಳಿ ಕೊಳೆಯಲು ಶುರುವಾಗಿದ್ದನ್ನು ಮಾತ್ರ ಬಿಸಾಕಿ. ಆ ವರ್ಷ ಅಮ್ಮ ಎರಡು ಬುಟ್ಟಿ ಹಣ್ಣನ್ನು ಹೆರೆದು ಗೊಜ್ಜು ಮಾಡಿದರು. ಎಳೆಯ ಹುಳಿ ಕಾಯಿಗಳನ್ನು ತುರಿದು, ಮಾವಿನಕಾಯಿ ಬದಲು ಚಿತ್ರಾನ್ನಕ್ಕೆ ಹಾಕಿದರು. ಮಾವಿನಕಾಯಿ ಅಲ್ಲ ಅಂತ ಮನೆಗೆ ಬಂದವರಿಗೆ ನಾವೇ ಹೇಳಬೇಕಾಯಿತು.

ರೋಗ ಚಳಿಗಾಲ ಕಳೆಯುವುದು ಎಲ್ಲಿ?

ನನ್ನ ಮೊದಲ ತಪ್ಪು ಇದು. ಚುಕ್ಕೆ ಕಂಡ ಮೇಲೆ ಜುಲೈನಲ್ಲಿ ಔಷಧಿ ತಂದು ಹೊಡೆದೆ. ಬೇವಿನ ಎಣ್ಣೆಯನ್ನೂ ಹೊಡೆದೆ, ನಮ್ಮವರಿಗೆ ಅದರ ಮೇಲೆ ಭಕ್ತಿ ಜಾಸ್ತಿ ಅಲ್ವಾ. ಏನೂ ಆಗಲಿಲ್ಲ. ಆಗುವುದೂ ಇಲ್ಲ, ಯಾಕೆಂದರೆ ಜುಲೈಗೆ ಆಟ ಮುಗಿದಿರುತ್ತೆ.

ಊರಲ್ಲಿ ಅಪ್ಪ ಅಡಿಕೆಗೆ ಬೋರ್ಡೋ ಹೊಡೆಸುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಮೈಲುತುತ್ತ, ಸುಣ್ಣ ಕಲಸಿ, ಮಳೆ ಹಿಡಿಯುವ ಮೊದಲೇ ಗೊನೆಗೆ ಹೊಡೆಯಬೇಕು. ಕೊಳೆ ಬಂದ ಮೇಲೆ ಹೊಡೆದರೆ ದುಡ್ಡು ದಂಡ. ಇದು ಗೊತ್ತಿದ್ದೂ ಸೇಬಿನ ಮರದ ಕೆಳಗೆ ನಿಂತಾಗ ಹೊಳೆಯಲಿಲ್ಲ.

ಕಜ್ಜಿಯ ವರ್ಷ ಶುರುವಾಗುವುದು ನವೆಂಬರಿನಲ್ಲಿ, ನೆಲದ ಮೇಲೆ. ರೋಗ ಹತ್ತಿದ ಎಲೆ ಉದುರಿ ಬೀಳುತ್ತೆ. ಶಿಲೀಂಧ್ರ ಆ ಸತ್ತ ಎಲೆಯ ಒಳಗೇ ಹಿಮದಡಿ ಇಡೀ ಚಳಿಗಾಲ ಕಳೆಯುತ್ತೆ. ಅಲ್ಲೇ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕದ ಚೀಲಗಳು ಬೆಳೆಯುತ್ತವೆ. ಬೀಜಕ ಅಂದರೆ ಶಿಲೀಂಧ್ರದ ಬೀಜ ಇದ್ದ ಹಾಗೆ, ಅದರಿಂದಲೇ ರೋಗ ಹರಡುವುದು. ಏಪ್ರಿಲ್ ಮಧ್ಯದಲ್ಲಿ ಮರದ ಮೊಗ್ಗಿನ ತುದಿ ಹಸಿರಾಗುವ ಹೊತ್ತಿಗೆ ಸರಿಯಾಗಿ ಅವೂ ಬಲಿತು ಕೂತಿರುತ್ತವೆ. ಮಳೆಯಲ್ಲಿ ಹಳೇ ಎಲೆ ನೆನೆದರೆ ಸಾಕು, ಬೀಜಕಗಳು ಚಿಮ್ಮಿ ಗಾಳಿಗೆ ಸೇರುತ್ತವೆ. ಮೇಲೆ ಎಳೆ ಚಿಗುರು ಕಾಯುತ್ತಿರುತ್ತೆ. ಹೂವಿನ ಕಾಲದ ಆಸುಪಾಸಿನಲ್ಲಿ ಈ ಚಿಮ್ಮುವುದು ಜೋರು. ಜೂನ್ ಮಧ್ಯದ ಹೊತ್ತಿಗೆ ನೆಲದ ಎಲೆಗಳ ದಾಸ್ತಾನು ಖಾಲಿಯಾಗುತ್ತೆ.

ಅಷ್ಟರೊಳಗೆ ಮೇಲಿನ ಎಲೆಗೆ ಹತ್ತಿಬಿಟ್ಟಿದ್ದರೆ ಎರಡನೇ ಸುತ್ತು. ಈಗ ಎಲೆಯ ಮೇಲಿನ ಆ ಮಖಮಲ್ ಮಚ್ಚೆಯೇ ಹೊಸ ಬೀಜಕ ಹೊರಹಾಕುತ್ತೆ. ಮಳೆ ಹನಿ ಸಿಡಿದಾಗಲೆಲ್ಲ ಪಕ್ಕದ ಎಲೆಗೆ, ಕೆಳಗಿನ ಹಣ್ಣಿಗೆ. ಇದು ಬೇಸಿಗೆ ಪೂರ್ತಿ ನಡೆಯುತ್ತೆ. ಮೊದಲ ಸುತ್ತು ತಡೆದರೆ ಎರಡನೆಯದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೂನ್ ಕೊನೆಗೆ ಮರ ಪೂರ್ತಿ ಹುಡುಕಿದರೂ ಎಲೆಯಲ್ಲಿ ಮಚ್ಚೆ ಸಿಗದಿದ್ದರೆ ಆ ವರ್ಷದ ಔಷಧಿ ಡಬ್ಬಿ ಮುಚ್ಚಿಡಬಹುದು.

ನವೆಂಬರ್: ದರಕು

ಮಲೆನಾಡಿನವರಿಗೆ ದರಕು ಗೊತ್ತು. ಬೆಟ್ಟದಲ್ಲಿ ಉದುರಿದ ಎಲೆ ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡುವುದು. ಇಲ್ಲಿಯೂ ಅದೇ ಕೆಲಸ, ಉದ್ದೇಶ ಬೇರೆ. ನನ್ನ ಕೇಳಿದರೆ ಕಜ್ಜಿಯ ವಿರುದ್ಧ ಹಿತ್ತಲಿನವರ ಕೈಯಲ್ಲಿರುವ ಅತಿ ಒಳ್ಳೆಯ ಆಯುಧ ಪೊರಕೆ, ಆಮೇಲೆ ಹುಲ್ಲು ಕತ್ತರಿಸುವ ಯಂತ್ರ.

ಎಲೆ ಹೆಚ್ಚು ಕಡಿಮೆ ಪೂರ್ತಿ ಉದುರುವ ತನಕ ಕಾಯಿರಿ. ಆಮೇಲೆ ಒಂದು ಒಣ ದಿನ ನೋಡಿ ಮರದ ಕೆಳಗಿನದನ್ನೆಲ್ಲ ಗುಡಿಸಿ ತೆಗೆಯಿರಿ. ಬೇಲಿ ಸಂದಿ, ಪೊದೆ ಬುಡದಲ್ಲಿ ಗಾಳಿಗೆ ಸೇರಿಕೊಂಡದ್ದನ್ನೂ ಬಿಡಬೇಡಿ. ಊರಿನ ಪುರಸಭೆ ಎಲೆ ಒಯ್ಯುತ್ತಿದ್ದರೆ ಅವರಿಗೆ ಕೊಡಿ. ಮನೆಯ ಗೊಬ್ಬರದ ಗುಡ್ಡೆಗೆ ಹಾಕುವುದಾದರೆ ಮೇಲೆ ಮಣ್ಣು ಮುಚ್ಚಿ. ಚಿಕ್ಕ ಗುಡ್ಡೆ ಶಿಲೀಂಧ್ರ ಸಾಯುವಷ್ಟು ಬಿಸಿ ಆಗಲ್ಲ.

ಗುಡಿಸಲು ಆಗದಷ್ಟು ಜಾಗ ಇದ್ದರೆ ಯಂತ್ರವನ್ನು ಎರಡು ಮೂರು ಸಲ ಅಡ್ಡಡ್ಡ ಓಡಿಸಿ ಎಲೆಯನ್ನು ಪುಡಿ ಮಾಡಿ. ಪುಡಿಯಾದ ಎಲೆಯನ್ನು ಎರೆಹುಳುಗಳು ಚಳಿಗಾಲ ಕಳೆಯುವುದರೊಳಗೆ ತಿಂದು ಮುಗಿಸುತ್ತವೆ. ಹತ್ತಿರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಪುಡಿ ಮಾಡುವ ಕೆಲಸ ಸರಿಯಾಗಿ ಮಾಡಿದರೆ ವಸಂತದ ಬೀಜಕಗಳು ಶೇಕಡಾ 80ರಿಂದ 90ರಷ್ಟು ಕಡಿಮೆ. ಅಷ್ಟು ಕೆಲಸ ಮಾಡುವ ಔಷಧಿ ಡಬ್ಬಿ ನನಗಿನ್ನೂ ಸಿಕ್ಕಿಲ್ಲ.

ಇದರ ಮೇಲೆ ಯೂರಿಯಾ. ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ. 10 ಲೀಟರ್ ನೀರಿಗೆ ಅರ್ಧ ಕಿಲೋ ಕರಗಿಸಿ, ಅಂದರೆ 5 ಪರ್ಸೆಂಟ್. ನೆಲದಲ್ಲಿ ಉಳಿದ ಎಲೆಗೆ ಚೆನ್ನಾಗಿ ನೆನೆಯುವ ಹಾಗೆ ಹೊಡೆಯಿರಿ. ಸಾರಜನಕ ಸಿಕ್ಕಿದರೆ ಎಲೆ ಬೇಗ ಕೊಳೆಯುತ್ತೆ, ಬೀಜಕದ ಚೀಲ ಬೆಳೆಯುವುದೂ ಕುಂಠಿತ ಆಗುತ್ತೆ. ಹಿಮಾಚಲದ ತೋಟದವರಿಗೆ ಇದು ಮಾಮೂಲು ಕೆಲಸ. ಅವರ ಲೆಕ್ಕವೆಲ್ಲ 200 ಲೀಟರಿನ ಡ್ರಮ್ಮಿಗೆ, ಹಾಗಾಗಿ ಡ್ರಮ್ಮಿಗೆ 10 ಕಿಲೋ. ಅವರು ಎಲೆ ಉದುರುವ ಸ್ವಲ್ಪ ಮುಂಚೆ ಮರಕ್ಕೇ ಹೊಡೆಯುತ್ತಾರೆ. ನಮ್ಮಲ್ಲಿ ಚಳಿ ಜಾಸ್ತಿ, ಮರ ನಿದ್ದೆಗೆ ಜಾರುವ ಹೊತ್ತಿಗೆ ಸಾರಜನಕ ಕೊಟ್ಟು ಎಬ್ಬಿಸಬಾರದು. ಹಾಗಾಗಿ ನಾನು ನೆಲಕ್ಕಷ್ಟೇ ಹೊಡೆಯುತ್ತೇನೆ. ನವೆಂಬರಿನಲ್ಲಿ ಆಗದಿದ್ದರೆ ಹಿಮ ಕರಗಿದ ಮೇಲೆ, ಮೊಗ್ಗು ಒಡೆಯುವ ಮುಂಚೆ ಮಾಡಿದರೂ ನಡೆಯುತ್ತೆ.

ಪಕ್ಕದ ಮನೆಯಲ್ಲೂ ರೋಗದ ಮರ ಇದ್ದರೆ? ನೆಲದಿಂದ ಚಿಮ್ಮುವ ಬೀಜಕಗಳಲ್ಲಿ ಹೆಚ್ಚಿನವು ಹತ್ತಿರದಲ್ಲೇ ಬೀಳುತ್ತವೆ. ಎರಡು ರಸ್ತೆ ಆಚೆಯ ಮರದ ಚಿಂತೆ ಬೇಡ. ಬೇಲಿಗೆ ತಾಗಿಕೊಂಡೇ ಇದ್ದರೆ ಒಂದು ಡಬ್ಬಿ ಗೊಜ್ಜು ಕೊಟ್ಟು ಮಾತಾಡಿಸಿ. ನಾನು ಹಾಗೇ ಮಾಡಿದ್ದು. ಈಗ ಅವರ ಮನೆ ಎಲೆಯನ್ನೂ ನಾನೇ ಗುಡಿಸುತ್ತೇನೆ. ಅಂಗಳದ ಅಂದಕ್ಕೆ ನೆಟ್ಟ ಕ್ರ್ಯಾಬ್ ಆ್ಯಪಲ್ ಮರಗಳಿಗೂ ಇದೇ ಕಜ್ಜಿ ಹತ್ತುತ್ತೆ, ಅದನ್ನೂ ನೋಡಿಕೊಳ್ಳಿ.

ಮಾರ್ಚ್: ಕತ್ತರಿ

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಮಳೆ ನಿಂತ ಮೇಲೆ ಎಲೆ ಮೇಲಿನ ನೀರು ಬೇಗ ಆರಬೇಕು, ಅಷ್ಟೇ. ಚಳಿ ಇಳಿಯುವಾಗ, ಚಿಗುರುವ ಮುಂಚೆ, ಒಳಗೆ ಒತ್ತೊತ್ತಾಗಿ ಬೆಳೆದ ರೆಂಬೆ ತೆಗೆಯಿರಿ. ನೆಟ್ಟಗೆ ಮೇಲಕ್ಕೆ ಏರಿದ ಬಾರುಕೋಲಿನಂಥ ಚಿಗುರುಗಳನ್ನು ಬುಡದಿಂದ ಕತ್ತರಿಸಿ. ಕೆಳಗೆ ನಿಂತು ಮೇಲೆ ನೋಡಿದರೆ ಆಕಾಶ ಕಾಣಬೇಕು. ಹಳೇ ಮರವನ್ನು ಒಂದೇ ವರ್ಷ ಬೋಳಿಸಬೇಡಿ, ಮೂರು ವರ್ಷಕ್ಕೆ ಹಂಚಿ.

ಏಪ್ರಿಲಿನಿಂದ ಜೂನ್: ಮಳೆ ಎಷ್ಟು ತಾಸು?

ಪ್ರತಿ ಮಳೆಗೂ ರೋಗ ಹತ್ತಲ್ಲ. ಬೀಜಕ ಎಲೆ ಮೇಲೆ ಕೂತ ಮೇಲೆ ಮೊಳೆತು ಒಳಗೆ ಇಳಿಯಲು ಎಲೆ ಇಂತಿಷ್ಟು ಹೊತ್ತು ಒದ್ದೆ ಇರಬೇಕು. ಎಷ್ಟು ಹೊತ್ತು ಅನ್ನುವುದು ಚಳಿಯ ಮೇಲೆ ಹೋಗುತ್ತೆ. ಇದನ್ನು 1940ರ ದಶಕದಲ್ಲಿ ಲೆಕ್ಕ ಹಾಕಿ ಪಟ್ಟಿ ಮಾಡಿದವರು ಇದೇ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ಡಬ್ಲ್ಯು. ಡಿ. ಮಿಲ್ಸ್. ಜಗತ್ತಿನ ಸೇಬಿನ ತೋಟದವರಿಗೆಲ್ಲ ಮಿಲ್ಸ್ ಪಟ್ಟಿ ಗೊತ್ತು. ಆಮೇಲೆ ಬಂದವರು ಅದನ್ನು ತಿದ್ದಿ ತಾಸುಗಳನ್ನು ಇಳಿಸಿದ್ದಾರೆ. ತಿದ್ದಿದ ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳಲು ನಾಲ್ಕು ಅಂಕಿ ಸಾಕು:

5 ಡಿಗ್ರಿ ಸೆಲ್ಸಿಯಸ್ ಇದ್ದರೆ 21 ತಾಸು ಒದ್ದೆ.
7 ಡಿಗ್ರಿಗೆ 15 ತಾಸು.
10 ಡಿಗ್ರಿಗೆ 11 ತಾಸು.
16ರಿಂದ 24 ಡಿಗ್ರಿಗೆ ಬರೀ 6 ತಾಸು.

ಒಂದು ಉದಾಹರಣೆ ನೋಡಿ. ಮೇ ತಿಂಗಳ ಒಂದು ಸಂಜೆ 4 ಗಂಟೆಗೆ ಮಳೆ ಶುರುವಾಯಿತು. ಹೊರಗೆ ಸುಮಾರು 10 ಡಿಗ್ರಿ. ರಾತ್ರಿ 9ಕ್ಕೆ ಮಳೆ ನಿಂತಿತು. ಐದೇ ತಾಸು ತಾನೆ ಅಂತ ಮಲಗಿದೆ. ಬೆಳಗ್ಗೆ 8ಕ್ಕೆ ಹೋಗಿ ಎಲೆ ಮುಟ್ಟಿದರೆ ಇನ್ನೂ ನೀರು. ಲೆಕ್ಕ ಹಿಡಿಯಬೇಕಾದ್ದು ಮಳೆಯನ್ನಲ್ಲ, ಎಲೆಯ ಒದ್ದೆಯನ್ನು. 16 ತಾಸು ಆಗಿತ್ತು, ಬೇಕಾದ್ದು 11. ಎರಡು ವಾರ ಕಳೆದ ಮೇಲೆ ಹೂಗೊಂಚಲಿನ ಬುಡದ ಎಲೆಗಳಲ್ಲಿ ಮಚ್ಚೆ ಎದ್ದವು. ತಂಪಿನಲ್ಲಿ ಮಚ್ಚೆ ಕಾಣಲು ಹೀಗೆ ಎರಡು ವಾರ ಅಥವಾ ಇನ್ನೂ ಜಾಸ್ತಿ ಹಿಡಿಯುತ್ತೆ, ಬಿಸಿಲು ಏರಿದ ಮೇಲೆ ಒಂಬತ್ತು ಹತ್ತು ದಿನ ಸಾಕು. ನೆಲದ ಬೀಜಕಗಳು ಹೆಚ್ಚಾಗಿ ಹಗಲಲ್ಲೇ ಚಿಮ್ಮುತ್ತವೆ. ಹಾಗಾಗಿ ಚಿಗುರಿನ ಕಾಲದಲ್ಲಿ ರಾತ್ರಿ ಶುರುವಾದ ಮಳೆಗೆ ಬೆಳಕು ಹರಿದ ಮೇಲಿಂದ ಎಣಿಸಿದರೂ ಆದೀತು.

ಕೂತು ಎಣಿಸಲು ಪುರುಸೊತ್ತು ಇಲ್ಲದಿದ್ದರೆ ಕಾರ್ನೆಲ್‌ನವರದೇ ನೇವಾ ಅನ್ನುವ ಜಾಲತಾಣ ಇದೆ. ಹತ್ತಿರದ ಹವಾಮಾನ ಕೇಂದ್ರ ಆರಿಸಿ, ಮೊಗ್ಗಿನ ತುದಿ ಹಸಿರಾದ ದಿನಾಂಕ ಕೊಟ್ಟರೆ ಯಾವ ಮಳೆ ಅಪಾಯದ್ದು ಅಂತ ಅದೇ ಹೇಳುತ್ತೆ. ಬೇರೆ ದೇಶದಲ್ಲಿದ್ದರೆ ಅಲ್ಲಿನ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಇನ್ನು ಔಷಧಿ. ಹಿತ್ತಲಿನ ಮರಕ್ಕೆ ನಾನು ಬಳಸುವುದು ಎರಡೇ. ಮೊಗ್ಗಿನ ತುದಿ ಹಸಿರಾಗುವಾಗ ಒಂದು ಸಲ ತಾಮ್ರ, ಅಂದರೆ ನಮ್ಮ ಬೋರ್ಡೋದ ಬಳಗದ್ದು. ಅದಾದ ಮೇಲೆ ತಾಮ್ರ ಬೇಡ, ಎಳೆ ಕಾಯಿಯ ಸಿಪ್ಪೆ ತುಕ್ಕು ಹಿಡಿದ ಹಾಗೆ ಒರಟಾಗುತ್ತೆ. ಮುಂದೆ ನೀರಲ್ಲಿ ಕರಗುವ ಗಂಧಕ, ಏಳರಿಂದ ಹತ್ತು ದಿನಕ್ಕೊಮ್ಮೆ, ಹೂ ದಳ ಉದುರಿ ಎರಡು ಮೂರು ವಾರದ ತನಕ. ಗಂಧಕ ರೋಗವನ್ನು ವಾಸಿ ಮಾಡಲ್ಲ, ಎಲೆಗೆ ಕೊಡೆ ಹಿಡಿಯುತ್ತೆ. ಮಳೆಗೆ ಮುಂಚೆ ಎಲೆ ಮೇಲೆ ಇರಬೇಕು. ಜೋರು ಮಳೆ ಬಂದು ತೊಳೆದುಹೋದರೆ ಮತ್ತೆ ಹೊಡೆಯಬೇಕು. ಬಿಸಿಲು 29 ಡಿಗ್ರಿ ದಾಟುವ ದಿನ ಹೊಡೆದರೆ ಎಲೆ ಸುಡುತ್ತೆ. ಎಣ್ಣೆ ಔಷಧಿ ಹೊಡೆದ ಎರಡು ವಾರದೊಳಗೆ ಹೊಡೆದರೂ ಸುಡುತ್ತೆ, ಬೇವಿನ ಎಣ್ಣೆಯೂ ಇದರಲ್ಲಿ ಸೇರಿತು.

ಕ್ಯಾಪ್ಟಾನ್ ಅನ್ನುವ ಇನ್ನೊಂದು ಶಿಲೀಂಧ್ರದ ಔಷಧಿ ಗಂಧಕಕ್ಕಿಂತ ಜೋರು, ಆದರೆ ಕಣ್ಣಿಗೆ ಕೆಟ್ಟದ್ದು, ಕನ್ನಡಕ ಹಾಕದೆ ಮುಟ್ಟಬೇಡಿ. ಅದೂ ಎಣ್ಣೆಯ ಜೊತೆ ಆಗದು. ಎಲೆಯ ಒಳಗೆ ಇಳಿದು ಕೆಲಸ ಮಾಡುವ ಔಷಧಿಗಳಿಗೆ ಎಷ್ಟೋ ಕಡೆ ಶಿಲೀಂಧ್ರ ಒಗ್ಗಿಕೊಂಡುಬಿಟ್ಟಿದೆ, ಒಂದನ್ನೇ ನಂಬಿ ಕೂರಬೇಡಿ. ಯಾವುದೇ ಇರಲಿ, ಡಬ್ಬಿಯ ಮೇಲಿನ ಚೀಟಿಯಲ್ಲಿ ಸೇಬು ಅಂತ ಬರೆದಿರಬೇಕು, ನಿಮ್ಮ ರಾಜ್ಯದಲ್ಲಿ ಅನುಮತಿ ಇರಬೇಕು. ಎಷ್ಟು ಹಾಕಬೇಕು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನು ಚೀಟಿಯಿಂದಲೇ ತೆಗೆದುಕೊಳ್ಳಿ, ನನ್ನಿಂದ ಬೇಡ.

ಅಂಗಡಿಯಲ್ಲಿ 'ಹಣ್ಣಿನ ಮರಕ್ಕೆ ಎಲ್ಲಾ ಒಂದರಲ್ಲೇ' ಅನ್ನುವ ಡಬ್ಬಿಗಳು ಸಿಗುತ್ತವೆ. ಅದರಲ್ಲಿ ಕೀಟನಾಶಕವೂ ಸೇರಿರುತ್ತೆ. ಹೂ ಇರುವಾಗ ಅದನ್ನು ಹೊಡೆದರೆ ಜೇನು ಸಾಯುತ್ತೆ, ಜೇನಿಲ್ಲದೆ ಕಾಯಿ ಕಟ್ಟಲ್ಲ. ಹೂವಿನ ಕಾಲದಲ್ಲಿ ಶಿಲೀಂಧ್ರದ ಔಷಧಿ ಹೊಡೆಯಲೇಬೇಕಾದರೂ ಜೇನು ಗೂಡು ಸೇರಿದ ಮೇಲೆ, ಸಂಜೆ.

ಇಷ್ಟೆಲ್ಲ ಓದಿ ಸುಸ್ತಾಯಿತಾ? ನನಗೂ ಆಗಿತ್ತು. ವಸಂತಕ್ಕೆ ಆರೇಳು ಸಲ ಪಂಪು ಹೊರುವ ಬದಲು ಬೇರೆ ತಳಿ ನೆಡಬಾರದಾ ಅಂತ ಯೋಚನೆ ಬಂದದ್ದು ಆಗಲೇ.

ತಳಿ ಆರಿಸುವುದು

ನಮ್ಮ ಹಳೇ ಮರ ಮ್ಯಾಕಿಂಟಾಷ್. 1811ರ ಸುಮಾರಿಗೆ ಕೆನಡಾದ ಒಂಟಾರಿಯೋದಲ್ಲಿ ಜಾನ್ ಮ್ಯಾಕಿಂಟಾಷ್ ಅನ್ನುವ ರೈತನಿಗೆ ಸಿಕ್ಕ ತಳಿ. ನಮ್ಮ ಸಾಫ್ಟ್‌ವೇರ್ ಮಂದಿಗೆ ಹೆಸರು ಪರಿಚಯ ಇರಬೇಕಲ್ಲ? ಆ್ಯಪಲ್ ಕಂಪನಿಯ ಕಂಪ್ಯೂಟರಿಗೆ ಹೆಸರು ಬಂದದ್ದು ಈ ಹಣ್ಣಿನಿಂದಲೇ. ಘಮ, ರುಚಿ ಎರಡರಲ್ಲೂ ಬಹಳ ಒಳ್ಳೆಯ ಹಣ್ಣು, ಕಜ್ಜಿಗೂ ಅಷ್ಟೇ ಪ್ರೀತಿ. ಎಷ್ಟು ಅಂದರೆ, ನೇವಾದ ಲೆಕ್ಕ ಶುರುವಾಗುವುದೇ ಮ್ಯಾಕಿಂಟಾಷ್ ಮೊಗ್ಗು ಹಸಿರಾದ ದಿನದಿಂದ. ಕಾರ್ಟ್‌ಲ್ಯಾಂಡ್, ಮಕೌನ್, ಗಾಲಾ, ರೆಡ್ ಡಿಲೀಷಿಯಸ್ ಇವೂ ಸುಲಭವಾಗಿ ತುತ್ತಾಗುವವೇ.

ರೆಡ್ ಡಿಲೀಷಿಯಸ್ ಅಂದಾಗ ಹಿಮಾಚಲ ನೆನಪಾಗುತ್ತೆ. 1916ರಲ್ಲಿ, ಅಲ್ಲಿ ನೆಲೆಸಿದ್ದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನುವವರು ಅಲ್ಲಿನ ಕೋಟ್‌ಗಢಕ್ಕೆ ಅಮೆರಿಕದಿಂದ ಅದರ ಸಸಿ ತಂದರು. ಮುಂದೆ ಬೆಟ್ಟಕ್ಕೆ ಬೆಟ್ಟವೇ ಆ ಬಳಗದ ತಳಿಗಳಿಂದ ತುಂಬಿತು. ಕಜ್ಜಿ 1973ರಲ್ಲಿ ಕಾಶ್ಮೀರದಲ್ಲಿ, 1983ರಲ್ಲಿ ಹಿಮಾಚಲದಲ್ಲಿ ಸಾಂಕ್ರಾಮಿಕವಾಗಿ ಹಬ್ಬಿತು. ಹಿಮಾಚಲ ಸರ್ಕಾರ ರೋಗದ ಹಣ್ಣನ್ನು ತಾನೇ ಕೊಂಡು ನಾಶ ಮಾಡಿಸಬೇಕಾಯಿತು. ಒಂದೇ ಜಾತಿಯ ಮರ ಸಾಲಾಗಿ ನಿಂತಿದ್ದರೆ ರೋಗಕ್ಕೆ ಹಬ್ಬ. ಆಮೇಲೆ ಅಲ್ಲೂ ಪ್ರೀಮಾ, ಲಿಬರ್ಟಿ, ಫ್ರೀಡಮ್, ಫ್ಲೋರಿನಾ ಅಂಥ ಕಜ್ಜಿ ತಡೆಯುವ ತಳಿಗಳನ್ನು ನೆಟ್ಟು ನೋಡಿದರು. ಕಾಶ್ಮೀರದಲ್ಲಿ ಫಿರ್ದೌಸ್, ಶಿರೀನ್ ಅಂತ ತಮ್ಮದೇ ತಳಿಗಳನ್ನು ಮಾಡಿಕೊಂಡರು. ಆದರೂ ಮಂಡಿಯಲ್ಲಿ ಕೆಂಪು ಡಿಲೀಷಿಯಸ್‌ಗೆ ಸಿಗುವ ಬೆಲೆ ಇವಕ್ಕೆ ಸಿಗುವುದು ಕಷ್ಟ. ಹಿತ್ತಲಿನವರಿಗೆ ಆ ತಲೆನೋವು ಇಲ್ಲ. ನಮಗೆ ಮಂಡಿ ಅಂದರೆ ಅಡುಗೆಮನೆ.

ಈ ತಳಿಗಳಲ್ಲಿ ಹೆಚ್ಚಿನವುಗಳ ಮೂಲಪುರುಷ ಒಂದೇ ಮರ. ಮ್ಯಾಲಸ್ ಫ್ಲೋರಿಬಂಡಾ 821, ಗೋಲಿಯಷ್ಟು ಹಣ್ಣು ಬಿಡುವ ಜಪಾನಿನ ಒಂದು ಅಲಂಕಾರದ ಸೇಬು. ಇಲಿನಾಯ್‌ನಲ್ಲಿ ಕ್ರ್ಯಾಂಡಲ್ ಅನ್ನುವ ವಿಜ್ಞಾನಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಅದನ್ನು ರೋಮ್ ಬ್ಯೂಟಿ ಅನ್ನುವ ಸೇಬಿನ ತಳಿಯ ಜೊತೆ ಸಂಕರ ಮಾಡಿದ್ದರು, ಕಜ್ಜಿಯ ಯೋಚನೆ ಇಟ್ಟುಕೊಂಡಲ್ಲ. 1940ರ ದಶಕದಲ್ಲಿ ಹಫ್ ಮತ್ತು ಶೇ ಅನ್ನುವವರು ಅದರ ಸಂತಾನದ ಮರಗಳಿಗೆ ಕಜ್ಜಿ ಹತ್ತುವುದಿಲ್ಲ ಅನ್ನುವುದನ್ನು ಹಿಡಿದು ಕೆಲಸ ಮುಂದುವರಿಸಿದರು. ಪರ್ಡ್ಯೂ, ರಟ್ಗರ್ಸ್, ಇಲಿನಾಯ್ ಮೂರು ವಿಶ್ವವಿದ್ಯಾಲಯಗಳು ಸೇರಿದವು. ಗೋಲಿಯನ್ನು ತಿನ್ನುವ ಸೇಬು ಮಾಡಲು ತಲೆಮಾರಿನ ಮೇಲೆ ತಲೆಮಾರು ಸಂಕರ ಮಾಡಬೇಕಾಯಿತು. ಮೊದಲ ತಳಿ ಪ್ರೀಮಾ ಹೊರಬಂದದ್ದು 1970ರಲ್ಲಿ. ಆ ಮೂರು ಹೆಸರುಗಳ ಮೊದಲ ಅಕ್ಷರ ಪಿ, ಆರ್, ಐ. ಅದಕ್ಕೇ ಅವರ ಎಷ್ಟೋ ತಳಿಗಳ ಹೆಸರಲ್ಲಿ ಅದೇ ಅಕ್ಷರಗಳು ಅಡಗಿವೆ: ಪ್ರೀಮಾ, ಪ್ರಿಸಿಲ್ಲಾ, ಪ್ರಿಸ್ಟೀನ್, ವಿಲಿಯಮ್ಸ್ ಪ್ರೈಡ್, ಎಂಟರ್‌ಪ್ರೈಸ್.

ಯಾವುದು ನೆಡಬೇಕು? ನಮ್ಮಂಥ ಚಳಿಯ ಊರಿಗೆ ನನ್ನ ಮತ ಲಿಬರ್ಟಿಗೆ. ಇಲ್ಲಿಂದ ಒಂದು ತಾಸು ದೂರದ ಜಿನೀವಾ ಪ್ರಯೋಗ ಕೇಂದ್ರದವರು 1978ರಲ್ಲಿ ಬಿಡುಗಡೆ ಮಾಡಿದ್ದು. ಮಕೌನ್ ಇದರ ತಾಯಿ, ಹಾಗಾಗಿ ರುಚಿ ಮ್ಯಾಕಿಂಟಾಷ್ ಮನೆತನದ್ದೇ. ಕಜ್ಜಿಯ ಜೊತೆಗೆ ತುಕ್ಕು ರೋಗವನ್ನೂ ತಡೆಯುತ್ತೆ. ಒಂದೇ ದೂರು: ಕಾಯಿ ಜಾಸ್ತಿ ಕಟ್ಟುತ್ತೆ, ಜೂನಿನಲ್ಲಿ ಕಿತ್ತು ತೆಳು ಮಾಡದಿದ್ದರೆ ಹಣ್ಣು ಚಿಕ್ಕದಾಗುತ್ತೆ.

ಹುಳಿ ಇಷ್ಟಪಡುವವರಿಗೆ ಗೋಲ್ಡ್‌ರಷ್. ಕಿತ್ತಾಗ ಹಲ್ಲು ಚುಳ್ಳೆನ್ನುತ್ತೆ, ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಸಿಹಿಯಾಗುತ್ತಾ ಹೋಗುತ್ತೆ. ಆದರೆ ಬಹಳ ತಡವಾಗಿ ಹಣ್ಣಾಗುವ ತಳಿ, ನಮ್ಮಲ್ಲಿ ಮಾಗುವ ಮುಂಚೆ ಹಿಮ ಬರಬಹುದು. ತುಕ್ಕು ರೋಗವೂ ಚೆನ್ನಾಗಿ ಹತ್ತುತ್ತೆ, ಜುನಿಪರ್ ಪಕ್ಕದಲ್ಲಿದ್ದರೆ ಬೇಡ. ನ್ಯೂಜೆರ್ಸಿ, ಇಲಿನಾಯ್ ಕಡೆಯವರು ನೋಡಬಹುದು. ಎಂಟರ್‌ಪ್ರೈಸ್ ಸಿಪ್ಪೆ ದಪ್ಪ, ಆದರೆ ಗಟ್ಟಿ ಮರ, ಹಣ್ಣು ಬಾಳಿಕೆ ಬರುತ್ತೆ. ಬೇಗ ಬೇಕೆಂದರೆ ಆಗಸ್ಟಿನಲ್ಲೇ ಸಿಗುವ ವಿಲಿಯಮ್ಸ್ ಪ್ರೈಡ್. ಯುರೋಪಿನಲ್ಲಿ ಇರುವವರಿಗೆ ಜೆಕ್ ದೇಶದ ಟೋಪಾಜ್ ಸಲೀಸಾಗಿ ಸಿಗುತ್ತೆ, ರುಚಿಯೂ ಬಹಳ ಚೆನ್ನ, ಆದರೆ ಮುಂದಿನ ಮಾತು ಕೇಳಿಸಿಕೊಂಡು ಕೊಳ್ಳಿ.

ಇವುಗಳಲ್ಲಿ ಹೆಚ್ಚಿನವು ನಿಂತಿರುವುದು ಆ ಜಪಾನಿ ಮರದ ಒಂದೇ ಜೀನಿನ ಮೇಲೆ. ಒಂದೇ ಬೀಗ. ಶಿಲೀಂಧ್ರ ವರ್ಷಾ ವರ್ಷಾ ಹೊಸ ಕೀಲಿ ಮಾಡುತ್ತಿರುತ್ತೆ. 1980ರ ದಶಕದಲ್ಲಿ ಜರ್ಮನಿಯ ಆರೆನ್ಸ್‌ಬುರ್ಗ್‌ನಲ್ಲಿ ಆ ಬೀಗ ತೆಗೆದ ಶಿಲೀಂಧ್ರ ಸಿಕ್ಕಿತು. ಈಗ ಯುರೋಪಿನ ಹಲವು ಕಡೆ ಟೋಪಾಜ್‌ಗೂ ಕಜ್ಜಿ ಹತ್ತುತ್ತೆ. ಅದಕ್ಕೇ ತಡೆಯುವ ತಳಿ ನೆಟ್ಟವರೂ ನವೆಂಬರಿನ ದರಕು ಗುಡಿಸುವುದನ್ನು ಬಿಡಬಾರದು. ಲಿಬರ್ಟಿ ಎಲೆಯಲ್ಲಿ ಮಚ್ಚೆ ಕಂಡರೆ ಆ ಎಲೆಯನ್ನು ಅಲ್ಲೇ ಕಿತ್ತು ಚೀಲಕ್ಕೆ ಹಾಕಿ.

ಸಸಿ ಕೊಳ್ಳುವಾಗ ಎಚ್ಚರ. ಒಂದು ದೊಡ್ಡ ಅಂಗಡಿಯಲ್ಲಿ 'ರೋಗ ನಿರೋಧಕ' ಅಂತ ಚೀಟಿ ಕಟ್ಟಿದ ಸಸಿ ತಂದು ನೆಟ್ಟಿದ್ದೆ. ಮೂರನೇ ವರ್ಷ ನೋಡಿದರೆ ಎಲೆ ತುಂಬ ಕಜ್ಜಿ. ಕೇಳಲು ಹೋದರೆ, ಅದು ಇನ್ನೊಂದು ರೋಗಕ್ಕೆ ನಿರೋಧಕವಂತೆ, ಕಜ್ಜಿಗಲ್ಲವಂತೆ. ಚೀಟಿಯಲ್ಲಿ ಯಾವ ರೋಗ ಅಂತ ಬರೆದೇ ಇರಲಿಲ್ಲ. ಈಗ ನಾನು ತಳಿಯ ಹೆಸರು ಇಲ್ಲದ ಸಸಿ ಮುಟ್ಟುವುದಿಲ್ಲ. ಚಳಿಗಾಲದಲ್ಲೇ ಹಣ್ಣಿನ ಸಸಿ ಮಾತ್ರ ಮಾರುವ ನರ್ಸರಿಗೆ ಬರೆದು, ಮಣ್ಣಿಲ್ಲದ ಬರೀ ಬೇರಿನ ಸಸಿಯನ್ನು ಏಪ್ರಿಲಿಗೆ ತರಿಸುತ್ತೇನೆ. ಬೇರಿನ ಭಾಗ ಯಾವುದು ಅಂತಲೂ ಕೇಳಿ. ಕುಳ್ಳ ಮಾಡುವ ಬೇರಿನ ಮೇಲೆ ಕಸಿ ಮಾಡಿದ್ದರೆ ಮರ ಕೈಗೆ ಎಟುಕುತ್ತೆ, ಎಲೆ ಮೇಲಿನ ನೀರು ಬೇಗ ಆರುತ್ತೆ, ಆದರೆ ಊರುಗೋಲು ಕೊಡಬೇಕು. ಸೇಬಿಗೆ ಪರಾಗಕ್ಕೆ ಬೇರೆ ತಳಿಯ ಮರ ಹತ್ತಿರದಲ್ಲಿ ಬೇಕು, ಹಾಗಾಗಿ ಎರಡು ತಳಿ ತನ್ನಿ. ನೆಟ್ಟ ದಿನವೇ ಸುತ್ತ ಬೇಲಿ ಹಾಕಿ. ನಮ್ಮ ಮೊದಲ ಲಿಬರ್ಟಿ ಸಸಿಯನ್ನು ಮುಗಿಸಿದ್ದು ಕಜ್ಜಿಯಲ್ಲ, ಜಿಂಕೆ.

ಹಳೇ ಮರ ಕಡಿಯಬೇಕಾ?

ಬೇಡ. ಹಳೇ ಮರದ ಬೇರು ದಶಕಗಳ ಆಸ್ತಿ. ಅದರ ಮೇಲೇ ಹೊಸ ತಳಿ ಕಸಿ ಮಾಡಬಹುದು. ಫೆಬ್ರವರಿ ಕೊನೆಗೆ ಲಿಬರ್ಟಿ ಮರದಿಂದ ಹೋದ ವರ್ಷದ, ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ. ಪೇಟೆಂಟ್ ಇರುವ ತಳಿಯಾದರೆ ಹೀಗೆ ಕಡ್ಡಿ ತೆಗೆದು ಕಸಿ ಮಾಡುವಂತಿಲ್ಲ, ಮೊದಲು ವಿಚಾರಿಸಿ. ಕಡ್ಡಿಯನ್ನು ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಅದೇ ಫ್ರಿಜ್ಜಿನಲ್ಲಿ ಹಣ್ಣು ಇಡಬೇಡಿ, ಹಣ್ಣು ಬಿಡುವ ಗಾಳಿಗೆ ಕಡ್ಡಿಯ ಮೊಗ್ಗು ಸಾಯುತ್ತೆ.

ಮೇ ಮೊದಲ ವಾರ ತೊಗಟೆ ಸಲೀಸಾಗಿ ಬಿಡುವ ಹೊತ್ತಿಗೆ ಮರದ ಒಂದು ರೆಂಬೆಯನ್ನು ಗರಗಸದಿಂದ ನೇರ ಕತ್ತರಿಸಿ. ತೊಗಟೆಯನ್ನು ಒಂದೂವರೆ ಇಂಚು ಸೀಳಿ. ಕಡ್ಡಿಯ ಬುಡವನ್ನು ಒಂದು ಕಡೆ ಓರೆಯಾಗಿ ಕೆತ್ತಿ, ಕೆತ್ತಿದ ಮುಖ ಮರಕ್ಕೆ ತಾಗುವ ಹಾಗೆ ತೊಗಟೆಯ ಒಳಗೆ ಜಾರಿಸಿ. ಬಿಗಿಯಾಗಿ ಟೇಪು ಸುತ್ತಿ, ಕತ್ತರಿಸಿದ ಕಡೆಗೆಲ್ಲ ಮೇಣ ಹಚ್ಚಿ. ಒಂದು ವರ್ಷಕ್ಕೆ ಮೂರನೇ ಒಂದು ಭಾಗ ರೆಂಬೆ ಸಾಕು, ಉಳಿದದ್ದು ಮರಕ್ಕೆ ಊಟ ಮಾಡಿಕೊಡಬೇಕಲ್ಲ.

ನಮ್ಮ ಮರದಲ್ಲಿ ಈಗ ಪೂರ್ವದ ಕಡೆಯ ಎರಡು ರೆಂಬೆ ಲಿಬರ್ಟಿ, ಉಳಿದದ್ದು ಮ್ಯಾಕಿಂಟಾಷ್. ಒಂದೇ ಬುಡ, ಒಂದೇ ಮಳೆ, ಒಂದು ಕಡೆ ಎಲೆ ನುಣುಪು, ಇನ್ನೊಂದು ಕಡೆ ಚುಕ್ಕೆ. ಮೂರನೇ ರೆಂಬೆಯನ್ನು ಬರುವ ಮೇ ತಿಂಗಳಿಗೆ ಕತ್ತರಿಸಬೇಕು ಅಂತಿದ್ದೇನೆ. ಅಮ್ಮ ಫೋನಿನಲ್ಲಿ ಬೇಡ ಅನ್ನುತ್ತಿದ್ದಾರೆ. ಗೊಜ್ಜಿಗೆ ಮ್ಯಾಕಿಂಟಾಷೇ ಆಗಬೇಕಂತೆ.